ಸುಟ್ಟಿದ್ದು ಕಾಲು, ಉರಿದದ್ದು ತೊಡೆ

ನಮಸ್ಕಾರ. ಆಲೆಮನೆ ಅಂದರೆ ನಮ್ಮ ಮಂಡ್ಯದವರಿಗೆ ಬಿಸಿ ಬೆಲ್ಲದ ಘಮ. ನನಗೆ ಮಾತ್ರ ಚಿಕ್ಕಪ್ಪನ ಕಾಲು ನೆನಪಾಗುತ್ತದೆ. ಕೊಪ್ಪರಿಗೆಯ ಪಾಕ ಚೆಲ್ಲಿ ಮೊಣಕಾಲಿನ ಕೆಳಗೆಲ್ಲ ಸುಟ್ಟಿತ್ತು. ಪಾಕ ಬಿಸಿನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಡಾಕ್ಟರು ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಕಾಲಿಗೆ ಹೊದಿಸಿದರು. "ಸುಟ್ಟಿದ್ದು ಅಲ್ಲಿ, ಉರಿಯೋದು ಇಲ್ಲಿ" ಅಂತ ಚಿಕ್ಕಪ್ಪ ತೊಡೆ ತೋರಿಸಿ ಬೈಯುತ್ತಿದ್ದರು. ಆದರೂ ಆ ಕಾಲಲ್ಲೇ ಇವತ್ತಿಗೂ ಗದ್ದೆಗೆ ಹೋಗುತ್ತಾರೆ.

ಒಂದು ಕಾಲು ಸರಿ. ಮೈಯೆಲ್ಲ ಸುಟ್ಟರೆ? ಚರ್ಮವನ್ನು ಬಲೆಯ ಹಾಗೆ ಸೀಳಿ ಹಿಗ್ಗಿಸುತ್ತಾರೆ. ಅದೂ ಸಾಲದು. ಲ್ಯಾಬ್ ಬೇಕಾಗುವುದು ಅಲ್ಲೇ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಮನುಷ್ಯನ ಚರ್ಮದ ಕೋಶ ಬೆಳೆಸುವ ದಾರಿ ತೋರಿಸಿದರು. 1983ರಲ್ಲಿ ಅಲ್ಲಿಯ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಮೈ ಶೇಕಡಾ 95ಕ್ಕಿಂತ ಜಾಸ್ತಿ ಸುಟ್ಟಿತ್ತು. ಅವರದೇ ಚರ್ಮದ ಚೂರಿನಿಂದ ಬೆಳೆಸಿದ ಹಾಳೆ ಹೊದಿಸಿದರು. ಇಬ್ಬರೂ ಬದುಕಿದರು.

ಹಾಗಂತ ಹಳೇ ಗ್ರಾಫ್ಟ್, ಅಂದರೆ ಚಿಕ್ಕಪ್ಪನಿಗೆ ಮಾಡಿದ ಹಾಗೆ ಚರ್ಮ ಹೆರೆದು ಹೊದಿಸುವುದು, ಅದರ ಕಥೆ ಮುಗಿಯಿತು ಅನ್ನುವವರ ಮಾತು ನಾನು ಒಪ್ಪಲ್ಲ. ಆ ಹಾಳೆ ಈರುಳ್ಳಿ ಪೊರೆಯಷ್ಟು ನಾಜೂಕು. ಮೇಲ್ಪದರ ಮಾತ್ರ, ಕೆಳಗಿನ ಗಟ್ಟಿ ಪದರ ಇಲ್ಲ. ಸುಲಭವಾಗಿ ಬೊಬ್ಬೆ ಬರುತ್ತದೆ, ಸೋಂಕು ತಗುಲಿದರೆ ಕರಗಿಯೇ ಹೋಗುತ್ತದೆ. ದುಡ್ಡಿನ ಮಾತು ಬಿಡಿ. ಎಲ್ಲಕ್ಕಿಂತ ದೊಡ್ಡದು ಸಮಯ: ಬೆಳೆಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಗಾಯ ಸುಮ್ನೆ ತೆರೆದಿಡೋಕಾಗುತ್ತಾ?

ಆಗ ಕೈಹಿಡಿಯುವುದು ಸತ್ತವರು ಕೊಟ್ಟ ಚರ್ಮ. ಅದು ಕಾಯಂ ಉಳಿಯಲ್ಲ, ಕೆಲವು ವಾರದಲ್ಲಿ ಮೈ ಅದನ್ನು ತಳ್ಳಿಬಿಡುತ್ತದೆ. ಅಷ್ಟರಲ್ಲಿ ಸೋಂಕು ತಡೆದು ಜೀವ ಉಳಿಸಿರುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮದ ಬ್ಯಾಂಕ್ ಇದೆ. ತೀರಿಕೊಂಡ ಆರು ಗಂಟೆಯೊಳಗೆ ತೆಗೆಯಬೇಕು. ರಕ್ತದ ಗುಂಪು ಹೊಂದಬೇಕಂತಲೂ ಇಲ್ಲ. ಅಪ್ಪು ಹೋದಾಗ ಊರೂರಲ್ಲಿ ಕಣ್ಣು ಕೊಡ್ತೀವಿ ಅಂತ ಜನ ಸಾಲು ನಿಂತರು. ಚರ್ಮ ಅಂದರೆ ಮಾತ್ರ ಮುಖ ಕಿವುಚುತ್ತೇವೆ. ನಮಗೆ ಲ್ಯಾಬಿಗಿಂತ ಮೊದಲು ಬೇಕಿರುವುದು ಈ ಚರ್ಮದಾನ.

ನಮ್ಮ ಚಿಕ್ಕಮ್ಮನೂ ಕೇಳಿದರು, "ಹೆಣ ನೋಡೋಕೆ ಚೆನ್ನಾಗಿರುತ್ತಾ?" ಅಂತ. ತೆಗೆಯುವುದು ತೊಡೆ, ಬೆನ್ನಿನಿಂದ, ಅದೂ ತೆಳು ಪದರ, ಪಟ್ಟಿ ಕಟ್ಟಿ ಕೊಡುತ್ತಾರೆ ಅಂದೆ. ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು.

"ಬೆನ್ನಿಂದ ತಗೊಳ್ಳಲಿ ಕಣಪ್ಪ. ತೊಡೆ ಒಂದ್ಸಲ ಕೊಟ್ಟಾಗಿದೆ."