ಮರಳುಗಾಡಿನಲ್ಲಿ ಒಂದು ಜನರೇಟರ್

ಕೇಳುಗರಿಗೆ ನಮಸ್ಕಾರ.

ರಾಕ್ ಬ್ಯಾಂಡ್ ಅಂದರೆ ದೊಡ್ಡ ವೇದಿಕೆ, ಬಣ್ಣದ ದೀಪ, ಟಿಕೆಟ್ಟಿನ ಸಾಲು ಕಣ್ಣಮುಂದೆ ಬರುತ್ತದೆ, ಅಲ್ವಾ? ಇವತ್ತು ನಾನು ಹೇಳುವ ಕಾಯಸ್ ಬ್ಯಾಂಡಿನ ಹುಡುಗರಿಗೆ ನುಡಿಸೋದಕ್ಕೆ ಸರಿಯಾದ ಜಾಗವೇ ಇರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಮ್ ಡೆಸರ್ಟ್ ಅಂತ ಒಂದು ಊರು. ಗಾಲ್ಫ್ ಮೈದಾನ ಜಾಸ್ತಿ, ಹುಡುಗರಿಗೆ ಹೊತ್ತು ಹೋಗುವ ಜಾಗ ಕಡಿಮೆ. ಹಾಗಾಗಿ ರಾತ್ರಿಯಾದರೆ ಅವರು ಜನರೇಟರ್, ಆಂಪ್ಲಿಫೈಯರ್, ಡ್ರಮ್ಸ್ ಹೇರಿಕೊಂಡು ಊರಾಚೆ ಮರಳುಗಾಡಿಗೆ ಹೊರಡುತ್ತಿದ್ದರು. ಇದಕ್ಕೆ ಜನರೇಟರ್ ಪಾರ್ಟಿ ಅಂತಲೇ ಹೆಸರು ಬಿತ್ತು.

ಕಾಯಸ್ ಬ್ಯಾಂಡ್ ಪಳಗಿದ್ದು ಅಲ್ಲಿ. ಜಾನ್ ಗಾರ್ಸಿಯಾ ಹಾಡು, ಜಾಶ್ ಹೋಮಿ ಗಿಟಾರ್, ಬ್ರಾಂಟ್ ಬ್ಯೋರ್ಕ್ ಡ್ರಮ್ಸ್. ಹೆಸರನ್ನು ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಒಂದು ಪಿಶಾಚಿಯಿಂದ ಎತ್ತಿಕೊಂಡದ್ದು!

ಹೋಮಿ ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ನಾಲ್ಕು ಸ್ವರಸ್ಥಾನ ಕೆಳಗಿಳಿಸಿದ. ಸಾಲದು ಅಂತ ಬೇಸ್ ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದ. ಆ ನಾದ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಕೋಣೆಯಲ್ಲಾದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬಯಲಲ್ಲಿ ಹೋದದ್ದು ಹೋಯಿತು. ಬಯಲು ತುಂಬಬೇಕು ಅಂತಲೇ ಇವರ ಸಂಗೀತ ಅಷ್ಟು ದಪ್ಪಗಾಯಿತು ಅಂತ ನನಗನ್ನಿಸುತ್ತದೆ.

1992ರ 'ಬ್ಲೂಸ್ ಫಾರ್ ದ ರೆಡ್ ಸನ್' ಆಲ್ಬಮ್ಮಿಗೆ ನಿರ್ಮಾಪಕನಾಗಿ ಕ್ರಿಸ್ ಗಾಸ್ ಜೊತೆಗೂಡಿದ. ಆಗ ಈ ಸದ್ದು ಪೂರ್ತಿ ಕೈಗೆ ಹತ್ತಿತು. ಮರುವರ್ಷ ಹೆಸರಾಂತ ಮೆಟಲ್ ಬ್ಯಾಂಡ್ ಮೆಟಾಲಿಕಾ ಆಸ್ಟ್ರೇಲಿಯಾದಲ್ಲಿ ನುಡಿಸುವಾಗ ಮೊದಲ ಸರದಿ ಇವರದ್ದಾಯಿತು. 1994ರ 'ವೆಲ್ಕಮ್ ಟು ಸ್ಕೈ ವ್ಯಾಲಿ' ಸಿಡಿಯಲ್ಲಂತೂ ಹಾಡುಗಳನ್ನು ಹೊಲಿದು ಮೂರು ಉದ್ದ ಭಾಗ ಮಾಡಿಟ್ಟರು. ಒಂದನ್ನು ಹಾರಿಸಿ ಇನ್ನೊಂದಕ್ಕೆ ಹೋಗೋಣ ಅಂದರೆ ಆಗದು. ನಮ್ಮಂಥ ರೇಡಿಯೋದವರಿಗೆ ತಲೆನೋವೇ ಸರಿ.

1995ರಲ್ಲಿ ಬ್ಯಾಂಡ್ ಒಡೆಯಿತು. ದುಡ್ಡು, ಹೆಸರು ಎರಡೂ ಆಗ ಅಷ್ಟಕ್ಕಷ್ಟೇ. ಸ್ಟೋನರ್ ರಾಕ್, ಅಂದರೆ ಗಾಂಜಾ ಗುಂಗಿನ ರಾಕ್ ಅನ್ನುವ ಹಣೆಪಟ್ಟಿ ಮಾತ್ರ ಅಂಟಿಕೊಂಡಿತು.

ಹೋಮಿ ಕಟ್ಟಿದ ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ದೊಡ್ಡದಾಗಿ ಬೆಳೆಯಿತು. ಹಳೆಯ ಗೆಳೆಯರು 'ಕಾಯಸ್ ಲಿವ್ಸ್' ಅಂತ ಹೊರಟಾಗ ಹೋಮಿ, ಕಾಯಸ್‌ನಲ್ಲಿ ಬೇಸ್ ನುಡಿಸುತ್ತಿದ್ದ ಸ್ಕಾಟ್ ರೀಡರ್ ಇಬ್ಬರೂ ಆ ಹೆಸರಿನ ವಿಚಾರಕ್ಕೆ 2012ರಲ್ಲಿ ಕೋರ್ಟ್ ಹತ್ತಿದರು. ಆಮೇಲೆ ಗಾರ್ಸಿಯಾ, ಬ್ಯೋರ್ಕ್ ತಂಡ ವಿಸ್ಟಾ ಚೀನೋ ಅಂತ ಹೆಸರು ಬದಲಿಸಿಕೊಂಡಿತು. ಬೇಸರದ ಸಂಗತಿ, ಬಿಡಿ.

ಕ್ಯಾಲಿಫೋರ್ನಿಯಾದ್ದೇ ಜಾಶುವಾ ಟ್ರೀ ಊರಲ್ಲಿ ರಾಂಚೊ ಡೆ ಲಾ ಲೂನಾ ಅಂತ ಒಂದು ಮನೆ-ಸ್ಟುಡಿಯೋ ಇದೆ. ಇಂಗ್ಲೆಂಡಿನ ಶೆಫೀಲ್ಡ್ ಹುಡುಗರು ಆರ್ಕ್ಟಿಕ್ ಮಂಕೀಸ್ ತಮ್ಮ 2009ರ ಆಲ್ಬಮ್ಮಿಗೆಂದು ಅಲ್ಲಿಗೇ ಬಂದು, ಹೋಮಿಯ ಎದುರು ಕೂತು ನುಡಿಸಿದರು. ಹೊರಗೆ ಅದೇ ಮರಳುಗಾಡು.