ಗಾಡಿಗೂ ಬೇಕು ಕೊರಳಗಂಟೆ

(ದಾವಣಗೆರೆಯಲ್ಲಿ 2025ರ ಬಿಳಿ ಕೋಲಿನ ದಿನದಂದು ಮಾಡಿದ ಉಪನ್ಯಾಸದ ಬರಹರೂಪ)

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ದಾವಣಗೆರೆಯ ಬಂಧುಗಳೆ,

ಅಕ್ಟೋಬರ್ 15 ಬಂತೆಂದರೆ ಅಂಧರಿಗೆ ಬಿಳಿ ಕೋಲು ಹಂಚುತ್ತೇವೆ, ಕೋಲು ಹಿಡಿದು ನಡೆಯುವವರಿಗೆ ಶಾಲು ಹೊದಿಸುತ್ತೇವೆ. ಅದು ನಡೆಯಬೇಕಾದದ್ದೇ. ಆದರೆ ಕೋಲು ನೆಲದ ಸುದ್ದಿಯನ್ನು ಮಾತ್ರ ಹೇಳಬಲ್ಲದು. ಎದುರಿನಿಂದ, ಪಕ್ಕದಿಂದ, ಬೆನ್ನ ಹಿಂದಿನಿಂದ ಬರುವ ವಾಹನದ ಸುದ್ದಿಯನ್ನು ಹೇಳಬೇಕಾದದ್ದು ಕಿವಿ. ಆ ಕಿವಿಗೆ ಸಿಗದಂತೆ ಬರುವ ವಾಹನಗಳು ನಮ್ಮ ಊರಿನ ರಸ್ತೆಗಳಲ್ಲಿ ದಿನೇ ದಿನೇ ಹೆಚ್ಚುತ್ತಿವೆ. ಬಹಳ ವರ್ಷ ಭೌತಶಾಸ್ತ್ರವನ್ನು ಪಾಠ ಮಾಡಿದವನಾದ ನಾನು, ಬ್ಯಾಟರಿ ಗಾಡಿಗಳ ವಿರೋಧಿಯಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅವು ಬರಲಿ, ಹೊಗೆ ಕಡಿಮೆಯಾಗಲಿ. ಬರುವಾಗ ತಾವು ಬರುತ್ತಿದ್ದೇವೆಂದು ತಿಳಿಸಿ ಬರಲಿ ಎಂಬುದಷ್ಟೇ ನನ್ನ ಬೇಡಿಕೆ.

ನನ್ನ ಸೋದರಮಾವ ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಅವರ ವಿಷಯವನ್ನು ಹೇಳುತ್ತೇನೆ. ಆರನೆಯ ವಯಸ್ಸಿನಲ್ಲಿ ಸಿಡುಬು ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಆನಗೋಡಿನ ಕಡೆಯ ನಮ್ಮ ಹಳ್ಳಿಯಲ್ಲಿ ಸಂಜೆ ಜಗಲಿಯ ಮೇಲೆ ಕುಳಿತು, ಹೊಲದಿಂದ ಮರಳುತ್ತಿದ್ದ ಗಾಡಿಗಳನ್ನು ಕೊರಳಗಂಟೆಯ ಸದ್ದಿನಿಂದಲೇ ಅವರು ಗುರುತಿಸುತ್ತಿದ್ದರು. ಯಾರ ಗಾಡಿ ಎಂದಷ್ಟೇ ಅಲ್ಲ. ತುಂಬಿದ ಗಾಡಿಯೋ ಬರಿದೋ, ಎತ್ತು ದಣಿದಿದೆಯೋ, ಗಾಡಿ ಓಣಿಗೆ ತಿರುಗುತ್ತದೆಯೋ ನೇರ ಹೋಗುತ್ತದೆಯೋ ಎಂಬುದನ್ನೂ ಹೇಳುತ್ತಿದ್ದರು. ಹುಡುಗರಾದ ನಮಗೆ ಅದು ದೊಡ್ಡ ಸೋಜಿಗ. ಒಮ್ಮೆ ನಾವು ನಾಲ್ಕಾರು ಮಂದಿ ಸೇರಿ, ಮೇಲಿನ ಓಣಿಯವರ ಎತ್ತಿನ ಗಂಟೆಯನ್ನು ಬಿಚ್ಚಿ ಕೆಳಗಿನ ಓಣಿಯವರ ಎತ್ತಿಗೂ, ಅವರದನ್ನು ಇವರದಕ್ಕೂ ಕಟ್ಟಿ, ಸಂಜೆಗಾಗಿ ಕಾದು ಕುಳಿತೆವು. ಗಾಡಿ ಬಂತು. ಮಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಗಂಟೆ ಮೇಲಿನ ಓಣಿಯದು, ಅಚ್ಚಿನ ಕಿರುಗುಟ್ಟು ಮಾತ್ರ ಕೆಳಗಿನ ಓಣಿಯದು. ಯಾವನೋ ಹುಡುಗ ಗಂಟೆ ಬದಲಿ ಮಾಡ್ಯಾನೆ, ಹೋಗಿ ಮೊದಲು ಸರಿಮಾಡ್ರಿ" ಎಂದರು. ಆ ದಿನ ನಮಗೆ ಸಿಕ್ಕ ಏಟುಗಳ ಲೆಕ್ಕ ಇಲ್ಲಿ ಬೇಡ. ಅವರು ಅಂದು ಹೇಳಿದ ಇನ್ನೊಂದು ಮಾತು ಈ ಉಪನ್ಯಾಸಕ್ಕೆ ಬೇಕು: "ಗಂಟೆಗೆ ಬಟ್ಟೆ ತುರುಕಿ ಗಾಡಿ ಹೊಡೆಯೋನು ಕಳ್ಳ ಮಾತ್ರ."

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರೊಬ್ಬರಿಂದ ಮಾವ ಹಾರ್ಮೋನಿಯಂ ಕಲಿತು, ದಾವಣಗೆರೆಗೆ ಬಂದು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತ ಜೀವನ ಕಟ್ಟಿಕೊಂಡರು. ಕಾಟನ್ ಮಿಲ್ಲುಗಳ ಕಾಲದ ಈ ಊರಿನಲ್ಲಿ ಅವರು ಮಂಡಿಪೇಟೆಯ ಲಾರಿಗಳ ನಡುವೆ ನಡೆದರು, ಪಿ.ಬಿ. ರಸ್ತೆಯನ್ನು ದಾಟಿದರು, ನಲವತ್ತು ವರ್ಷ ಒಂದು ಗೀರೂ ಆಗಲಿಲ್ಲ. ಎರಡು ವರ್ಷಗಳ ಹಿಂದೆ, ತಮ್ಮ ಮನೆಯ ಗೇಟಿನ ಮುಂದೆಯೇ, ಯಾರೂ ಇಲ್ಲದ ನಿಶ್ಶಬ್ದ ಓಣಿಯಲ್ಲಿ, ಹಿಮ್ಮುಖವಾಗಿ ಬರುತ್ತಿದ್ದ ಒಂದು ಬ್ಯಾಟರಿ ಆಟೊ ತಗುಲಿ ಬಿದ್ದು ಮುಂಗೈ ಮುರಿದುಕೊಂಡರು. ಆಟೊದ ಹುಡುಗ ಒಳ್ಳೆಯವನು. ತಾನೇ ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಅಳುತ್ತ, "ಅಜ್ಜಾರೆ, ನೀವು ನನ್ನ ಕಡಿಗೇ ಮುಖ ಮಾಡಿದ್ರಿ, ನೋಡೀರಿ ಅಂತ ತಿಳ್ಕಂಡೆ" ಎಂದನಂತೆ. ಮಾವ ಓಣಿ ಖಾಲಿ ಇದೆಯೆಂದು ತಿಳಿದಿದ್ದರು. ಇಬ್ಬರ ತಿಳಿವಳಿಕೆಯೂ ಅವರವರ ಮಟ್ಟಿಗೆ ಸರಿಯೇ ಆಗಿತ್ತು. ಇಬ್ಬರ ನಡುವೆ ಹೋಗಬೇಕಾಗಿದ್ದ ಒಂದು ಸುದ್ದಿ ಹೋಗಲಿಲ್ಲ, ಅಷ್ಟೇ.

ಈ ಘಟನೆಯನ್ನು ಕೇಳಿದವರೆಲ್ಲ, ಆ ಹುಡುಗ ಹಾರ್ನ್ ಹೊಡೆಯಬೇಕಿತ್ತು ಎನ್ನುತ್ತಾರೆ. ನನ್ನ ಮುಖ್ಯ ವಾದ ಇರುವುದೇ ಇಲ್ಲಿ. ಹಾರ್ನ್ ಬೇರೆ, ಸದ್ದು ಬೇರೆ. ಚಾಲಕ ನಿಮ್ಮನ್ನು ನೋಡಿದರೆ ಮಾತ್ರ ಹಾರ್ನ್ ಹೊಡೆಯುತ್ತಾನೆ. ನೋಡದಿದ್ದರೆ ಹಾರ್ನ್ ಎಂಬುದೇ ಇಲ್ಲ. ಅಲ್ಲದೆ ಹಾರ್ನ್ ಒಂದು ಆಜ್ಞೆ, "ಸರಿ ಪಕ್ಕಕ್ಕೆ" ಎಂಬ ಆಜ್ಞೆ. ಎತ್ತಿನ ಗಂಟೆ ಯಾರಿಗೂ ಆಜ್ಞೆ ಮಾಡುವುದಿಲ್ಲ. ಗಾಡಿ ಇಲ್ಲಿದೆ, ಇಷ್ಟು ದೂರದಲ್ಲಿದೆ, ಇಷ್ಟು ವೇಗದಲ್ಲಿದೆ ಎಂದು ಎಲ್ಲರಿಗೂ ಹೇಳುತ್ತ ಹೋಗುತ್ತದೆ, ಗಾಡಿಯವನು ನಿದ್ದೆ ಹೋಗಿದ್ದರೂ ಹೇಳುತ್ತದೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ವಾಹನಗಳಿಗೆ ಅಳವಡಿಸುವ ಎಚ್ಚರಿಕೆ ಸದ್ದಿನ ಸಾಧನ, ಅಂದರೆ ಎವಿಎಎಸ್ ಎಂದು ಕರೆಯುವ ವ್ಯವಸ್ಥೆ, ಈ ಗಂಟೆಯ ಜಾತಿಗೆ ಸೇರಿದ್ದು.

ಅದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ. ವೇಗವಾಗಿ ಹೋಗುವ ಯಾವ ವಾಹನದಲ್ಲಾದರೂ ಟಯರು ರಸ್ತೆಗೆ ಉಜ್ಜುವ ಸದ್ದು, ಗಾಳಿಯ ಸದ್ದು ಸಾಕಷ್ಟಿರುತ್ತದೆ. ಗಂಟೆಗೆ 20 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಈ ಸದ್ದು ಕುಗ್ಗುತ್ತದೆ; ಪೆಟ್ರೋಲ್ ಗಾಡಿಯಲ್ಲಿ ಆಗ ಎಂಜಿನ್ನಿನ ಸದ್ದು ಕೇಳಿಸುತ್ತದೆ, ಬ್ಯಾಟರಿ ಗಾಡಿಯಲ್ಲಿ ಅದೂ ಇಲ್ಲ. ಆದ್ದರಿಂದ ಗಾಡಿಯ ಹೊರಭಾಗದಲ್ಲಿ ಒಂದು ಸ್ಪೀಕರ್ ಇಟ್ಟು, ನಿಧಾನವಾಗಿ ಚಲಿಸುವಾಗ ಮಾತ್ರ ಅದು ತಾನಾಗಿಯೇ ಸದ್ದು ಮಾಡುವಂತೆ ಮಾಡುತ್ತಾರೆ. 2016ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ 138ನೆಯ ವಾಹನ ನಿಯಮದ ಪ್ರಕಾರ ಗಂಟೆಗೆ 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20 ಕಿ.ಮೀ. ವೇಗದಲ್ಲಿ 56 ಡೆಸಿಬೆಲ್, ಹಿಮ್ಮುಖ ಚಲನೆಯಲ್ಲಿ 47 ಡೆಸಿಬೆಲ್ ಸದ್ದಿರಬೇಕು. 75 ಡೆಸಿಬೆಲ್ ಮೀರಬಾರದು. ವೇಗ ಗಂಟೆಗೆ ಒಂದೊಂದು ಕಿ.ಮೀ. ಹೆಚ್ಚಿದಂತೆ ಸದ್ದಿನ ಆವರ್ತನ, ಅಂದರೆ ಸ್ವರದ ಎತ್ತರ, ಕನಿಷ್ಠ ಶೇ 0.8ರಷ್ಟು ಏರಬೇಕು. ಈ ಕೊನೆಯ ಅಂಕಿಯನ್ನು ಮಾವನಿಗೆ ಓದಿ ಹೇಳಿದಾಗ ಅವರು ಲೆಕ್ಕ ಹಾಕಲು ಹೇಳಿದರು. ಐದು ಕಿ.ಮೀ.ಯಿಂದ ಇಪ್ಪತ್ತಕ್ಕೆ ಏರುವಷ್ಟರಲ್ಲಿ ಸುಮಾರು ಶೇ 12. ಹಿಂದೂಸ್ತಾನಿ ಪದ್ಧತಿಯಲ್ಲಿ ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವ ಅಂತರ ಶೇ 12.5. "ಹಂಗಾದ್ರೆ ಗಾಡಿ ಸಾ ದಿಂದ ರೇ ಗೆ ಹತ್ತಿತು ಅಂದ್ರೆ ನಾನು ನಿಂತುಬಿಡಬೇಕು" ಎಂದು ಅವರು ನಕ್ಕರು. ಇಂಥ ನಿಯಮವನ್ನು ಇಷ್ಟು ಚೆನ್ನಾಗಿ ವಿವರಿಸಿದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸದ್ದು ಕೇಳಿದರೆ ಸಾಲದು, ಯಾವ ಕಡೆಯಿಂದ ಎಂಬುದೂ ತಿಳಿಯಬೇಕು. ಬಲಗಡೆಯ ಸದ್ದು ಬಲಗಿವಿಯನ್ನು ಎಡಗಿವಿಗಿಂತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಷ್ಟು ಮೊದಲು ತಲುಪುತ್ತದೆ. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಕಂಡುಕೊಳ್ಳುತ್ತದೆ. ತಗ್ಗಿನ ಸ್ವರಗಳಲ್ಲಿ ಈ ಕಾಲದ ವ್ಯತ್ಯಾಸ ನೆರವಾಗುತ್ತದೆ, ಎತ್ತರದ ಸ್ವರಗಳಲ್ಲಿ ತಲೆಯ ನೆರಳು ಬಿದ್ದು ಆಚೆ ಬದಿಯ ಕಿವಿಗೆ ಸದ್ದು ಕುಗ್ಗುವುದು ನೆರವಾಗುತ್ತದೆ. ಒಂದೇ ಸ್ವರದ ಕೀಂಕಾರದ ದಿಕ್ಕನ್ನು ಹಿಡಿಯುವುದು ಕಷ್ಟ. ಹಲವು ಸ್ವರಗಳು ಬೆರೆತ, ನೀರು ಸುರಿದಂಥ ಸದ್ದಿನ ದಿಕ್ಕು ಸುಲಭವಾಗಿ ಸಿಗುತ್ತದೆ. ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಕಿವಿಗೆ ತಪ್ಪುತ್ತವೆ. ಅದಕ್ಕೇ ಎಚ್ಚರಿಕೆ ಸದ್ದಿನಲ್ಲಿ ತಗ್ಗಿನ ಸ್ವರವೂ ಇರಲೇಬೇಕೆಂದು ಆ ನಿಯಮ ಹೇಳುತ್ತದೆ. ನಮ್ಮಲ್ಲಿ ಕಾರು ಹಿಮ್ಮುಖ ತೆಗೆಯುವಾಗ ಸಿನಿಮಾ ಹಾಡಿನ ಧಾಟಿಯೊಂದು ನುಡಿಯುತ್ತದಲ್ಲ, ಅದು ಈ ಕೆಲಸವನ್ನು ಮಾಡುವುದಿಲ್ಲ. ಕಾರು ತೆವಳುತ್ತಿದ್ದರೂ ನುಗ್ಗುತ್ತಿದ್ದರೂ ಧಾಟಿ ಒಂದೇ.

ಇದು ಭಯಸ್ಥರ ಕಲ್ಪನೆಯಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿಯೇ ಹೈಬ್ರಿಡ್ ಕಾರುಗಳ ಅಪಘಾತಗಳನ್ನು ಪರಿಶೀಲಿಸಿ, ನಿಧಾನಗೊಳ್ಳುವಾಗ, ಹಿಮ್ಮುಖ ಬರುವಾಗ, ನಿಲುಗಡೆಗೆ ಹೋಗಿ ಬರುವಾಗ ಅವು ಪಾದಚಾರಿಗಳಿಗೆ ತಗಲುವ ಸಂಭವ ಸಾಮಾನ್ಯ ಕಾರುಗಳಿಗಿಂತ ಸುಮಾರು ಇಮ್ಮಡಿ ಎಂದು ಕಂಡುಕೊಂಡಿತು. 2013ರಿಂದ 2017ರವರೆಗಿನ ಬ್ರಿಟನ್ನಿನ ಅಪಘಾತಗಳನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನವೂ, ಓಡಿದ ಪ್ರತಿ ಮೈಲಿಯ ಲೆಕ್ಕದಲ್ಲಿ, ಅದೇ ಇಮ್ಮಡಿಯನ್ನು ಹೇಳಿತು; ನಗರಗಳಲ್ಲಿ ಅಂತರ ಇನ್ನೂ ಹೆಚ್ಚು. ಈ ಅಂತರಕ್ಕೆಲ್ಲ ನಿಶ್ಶಬ್ದವೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ, ಚಾಲಕರ ವಯಸ್ಸು, ಅನುಭವಗಳೂ ಸೇರಿರಬಹುದು. ಆದರೆ ಆ ಅಪಘಾತಗಳು ನಡೆದ ಕಾಲದಲ್ಲಿ ಯುರೋಪಿನಲ್ಲಿ ಈ ಸದ್ದು ಕಡ್ಡಾಯವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅಲ್ಲಿ ಹೊಸ ಮಾದರಿಗಳಿಗೆ ಅದು ಕಡ್ಡಾಯವಾದದ್ದು 2019ರ ಜುಲೈನಲ್ಲಿ, ಎಲ್ಲ ಹೊಸ ಕಾರುಗಳಿಗೆ 2021ರ ಜುಲೈನಲ್ಲಿ. ಜಪಾನ್ 2010ರಲ್ಲಿಯೇ ಮಾರ್ಗಸೂಚಿ ಹೊರಡಿಸಿತ್ತು. ಅಮೆರಿಕದಲ್ಲಿ ಅಂಧರ ಸಂಘಟನೆಯೇ ಹೋರಾಡಿ ಕಾನೂನನ್ನು ತಂದಿತು. ಅಲ್ಲಿ ಗಂಟೆಗೆ 30 ಕಿ.ಮೀ.ವರೆಗೂ ಸದ್ದಿರಬೇಕು, ಹೊರಡಲು ಸಿದ್ಧವಾಗಿ ನಿಂತ ಗಾಡಿಯೂ ಸದ್ದು ಮಾಡಬೇಕು. ಮೊದಮೊದಲು ಚಾಲಕ ಬೇಡವೆನಿಸಿದಾಗ ಸದ್ದನ್ನು ನಿಲ್ಲಿಸುವ ಗುಂಡಿಗೆ ಯುರೋಪಿನಲ್ಲಿ ಅವಕಾಶವಿತ್ತು, ಬಳಿಕ ಅದನ್ನು ತೆಗೆದುಹಾಕಿದರು. ಗಂಟೆಗೆ ಬಟ್ಟೆ ತುರುಕುವ ಮಾತು ನಿಮಗೆ ನೆನಪಾಗಿರಬಹುದು.

ಈಗ ನಮ್ಮ ದೇಶದ ಮಾತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ, ಒಂದು ಕರಡು ಅಧಿಸೂಚನೆ ಹೊರಡಿಸಿದೆ. ಅದರಂತೆ ಹೊಸ ಮಾದರಿಯ ಎಲೆಕ್ಟ್ರಿಕ್ ವಾಹನಗಳಿಗೆ 2026ರ ಅಕ್ಟೋಬರ್ 1ರಿಂದ, ಈಗಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರಿಂದ ಎಚ್ಚರಿಕೆ ಸದ್ದು ಕಡ್ಡಾಯವಾಗಬೇಕು ಎಂಬುದು ಆ ಕರಡಿನ ಪ್ರಸ್ತಾವ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದು ಎಂ ಮತ್ತು ಎನ್ ವರ್ಗಗಳಿಗೆ, ಅಂದರೆ ಕಾರು, ಬಸ್ಸು, ಸರಕು ವಾಹನಗಳಿಗೆ ಸಂಬಂಧಿಸಿದ್ದು. ಅಶೋಕ ರಸ್ತೆಯಲ್ಲಿ, ಪಿ.ಜೆ. ಬಡಾವಣೆಯ ಓಣಿಗಳಲ್ಲಿ ನಿಮ್ಮ ಬೆನ್ನ ಹಿಂದೆ ಸದ್ದಿಲ್ಲದೆ ಬರುವುದು ಯಾವುದು? ಹತ್ತರಲ್ಲಿ ಒಂಬತ್ತು ಸಲ ನನಗೆ ಎದುರಾಗುವುದು ಸ್ಕೂಟರು, ಇಲ್ಲವೆ ಆಟೊ. ಮಾವನ ಕೈ ಮುರಿದದ್ದೂ ಆಟೊದಿಂದಲೇ. ಯುರೋಪಿನ ರಸ್ತೆಗೆ ಹೊಂದುವ ನಿಯಮವನ್ನು ನಾವು ತಂದುಕೊಳ್ಳುವಾಗ ನಮ್ಮ ರಸ್ತೆಯ ವಾಹನವೇ ಅದರ ಹೊರಗೆ ಉಳಿಯಬಾರದು.

ಊರೇ ಗದ್ದಲವಾಗಿದೆ, ಇನ್ನೊಂದು ಸದ್ದು ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪಿ.ಬಿ. ರಸ್ತೆಯ ಗದ್ದಲದಲ್ಲಿ 50 ಡೆಸಿಬೆಲ್ ಮುಳುಗಿಹೋಗುತ್ತದೆ, ನಿಜ. ಅದು ಬೇಕಾಗಿರುವುದು ಓಣಿಯಲ್ಲಿ, ರಾತ್ರಿಯಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಶಾಲೆಯ ಗೇಟಿನಲ್ಲಿ. ಮನೆಯವರ ನಿದ್ದೆಗೂ ಅದು ಭಾರವಲ್ಲ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುವುದರಿಂದ, ಎರಡು ಮೀಟರ್ ದೂರದಲ್ಲಿ 56 ಇದ್ದದ್ದು ಎಂಟು ಮೀಟರ್ ದೂರದಲ್ಲಿ 44 ಆಗಿರುತ್ತದೆ. ನಿದ್ದೆ ಕೆಡಿಸುವುದು ಹಾರ್ನ್. ಮತ್ತೆ ಹೇಳುತ್ತೇನೆ, ಹಾರ್ನ್ ಬೇರೆ, ಸದ್ದು ಬೇರೆ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸೈಕಲ್ ಸವಾರರ ಬಗ್ಗೆ, ರಸ್ತೆಯಲ್ಲಿ ಆಡುವ ಮಕ್ಕಳ ಬಗ್ಗೆ, ಈಗಾಗಲೇ ಮಾರಾಟವಾಗಿರುವ ಗಾಡಿಗಳಿಗೆ ಈ ಸಾಧನ ಕೂಡಿಸುವ ಬಗ್ಗೆ ಹೇಳಬೇಕೆಂದಿದ್ದೆ; ಆಸಕ್ತರು ನಂತರ ಸಿಗಬಹುದು. ಕರಡು ಅಧಿಸೂಚನೆಯ ಬಗ್ಗೆ ಸಚಿವಾಲಯಕ್ಕೆ ಕಳಿಸಬೇಕಾದ ಸಲಹಾ ಪತ್ರವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಸೇರಿಸಿರಿ ಎಂಬ ಒಂದೇ ಬೇಡಿಕೆ ಅದರಲ್ಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಮಾಡಿ. ಓದಲಾಗದವರಿಗೆ ಓದಿ ಹೇಳಲು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಅಲ್ಲಿದ್ದಾರೆ.

ಹೊರಗೆ ಅಂಗಳದಲ್ಲಿ ಒಂದು ಬ್ಯಾಟರಿ ಆಟೊ ನಿಂತಿದೆ. ಅಂದು ಮಾವನನ್ನು ಆಸ್ಪತ್ರೆಗೆ ಕರೆದೊಯ್ದ ಹುಡುಗನೇ ಅದನ್ನು ತಂದಿದ್ದಾನೆ. ಒಂದು ಸಣ್ಣ ಸ್ಪೀಕರನ್ನು ಅದರ ಹಿಂಬದಿಗೆ ಕಟ್ಟಿದ್ದೇವೆ. ನೀವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲಬೇಕು. ಅವನು ಮೊದಲು ಸ್ಪೀಕರ್ ಇಲ್ಲದೆ, ಆಮೇಲೆ ಸ್ಪೀಕರ್ ಹಾಕಿ, ಆಳು ನಡೆಯುವ ವೇಗದಲ್ಲಿ, ನಿಮ್ಮಿಂದ ದೂರ ಕಾಯ್ದುಕೊಂಡು ಹಿಮ್ಮುಖವಾಗಿ ಓಡಿಸುತ್ತಾನೆ. ಗಾಡಿ ಬರುತ್ತಿದೆ ಎನಿಸಿದ ಕೂಡಲೇ ಅದು ಬರುವ ದಿಕ್ಕಿಗೆ ಕೈ ತೋರಿಸಿ. ಅಧ್ಯಕ್ಷರು ಮೊದಲು ನಿಲ್ಲಲು ಒಪ್ಪಿದ್ದಾರೆ. ಬನ್ನಿ, ಹೊರಗೆ ಹೋಗೋಣ.