ಮೇಜರ್ ಯಾವುದಾದರೂ ಡಾಕ್ಟರ್ ಆಗಬಹುದು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗ ಅಪ್ಪ ಅಮ್ಮಂದಿರಿಗಾಗಿ ಈ ಮಾತು. ಪಕ್ಕದ ರೂಮಿನಲ್ಲಿ ಕೇಳಿಯೂ ಕೇಳದ ಹಾಗೆ ಕೂತಿರುವ ಹೈಸ್ಕೂಲ್ ಮಕ್ಕಳಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಮೆಡಿಕಲ್ ಸ್ಕೂಲಿಗೆ ಹೋಗಬೇಕಾದರೆ ಕಾಲೇಜಿನಲ್ಲಿ ಬಯಾಲಜಿ ಮೇಜರ್ ಮಾಡಲೇಬೇಕು ಅನ್ನುವುದು ಸುಳ್ಳು. ಮೇಜರ್ ಅಂದರೆ ಡಿಗ್ರಿಗೆ ಆರಿಸಿಕೊಳ್ಳುವ ಮುಖ್ಯ ವಿಷಯ. ಮೇಜರ್ ಬೇರೆ, ಮೆಡಿಕಲ್‌ಗೆ ಬೇಕಾದ ಕೋರ್ಸುಗಳು ಬೇರೆ. ಇವತ್ತು ಇದೊಂದು ನೆನಪಿದ್ದರೆ ಸಾಕು.

ಈ ಗೊಂದಲ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾವು ಓದುವಾಗ ಎಸ್ಸೆಸ್ಸೆಲ್ಸಿ ಮುಗಿದ ತಕ್ಷಣ ಪಿಸಿಎಂಬಿ ತಗೋಬೇಕಿತ್ತು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟರೆ ಡಾಕ್ಟರ್ ಆಗುವ ಮಾತೇ ಇಲ್ಲ. ಪಿಯುಸಿ ಆದ ಮೇಲೆ ನೇರ ಎಂಬಿಬಿಎಸ್. ಅದೇ ಲೆಕ್ಕವನ್ನು ಇಲ್ಲಿಗೂ ಹೊತ್ತು ತಂದಿದ್ದೇವೆ. ಇಲ್ಲಿ ಹಾಗಲ್ಲ. ನಾಲ್ಕು ವರ್ಷ ಯಾವುದಾದರೂ ಡಿಗ್ರಿ, ಆಮೇಲೆ ಮೆಡಿಕಲ್ ಸ್ಕೂಲಿನಲ್ಲಿ ನಾಲ್ಕು ವರ್ಷ ಎಂಡಿ, ಇಲ್ಲಿ ಡಾಕ್ಟರ್ ಆಗುವ ಡಿಗ್ರಿಯೇ ಅದು. ಪ್ರೀ-ಮೆಡ್ ಅನ್ನುವುದು ಸಾಮಾನ್ಯವಾಗಿ ಒಂದು ಮೇಜರೇ ಅಲ್ಲ, ಮೆಡಿಕಲ್ ಸ್ಕೂಲಿಗೆ ಬೇಕಾದ ಕೋರ್ಸುಗಳ ಪಟ್ಟಿ ಅಷ್ಟೇ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದು ವರ್ಷ, ಲ್ಯಾಬ್ ಸಮೇತ. ಜೊತೆಗೆ ಬಯೋಕೆಮಿಸ್ಟ್ರಿ, ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. ಹೆಚ್ಚು ಕಡಿಮೆ ಇಷ್ಟೇ. ಇತಿಹಾಸ ಮೇಜರ್ ಮಾಡುವ ಹುಡುಗಿಯೂ ಇದನ್ನೆಲ್ಲ ಮುಗಿಸಬಹುದು. ಸಂಗೀತ ಮೇಜರ್ ಮಾಡುವ ಹುಡುಗನೂ ಮುಗಿಸಬಹುದು.

ಈಗ ಒಬ್ಬರ ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. ಹೆರಾಲ್ಡ್ ವಾರ್ಮಸ್ ಅಂತ. 1939ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಹುಟ್ಟಿದವರು. ಅಪ್ಪ ಡಾಕ್ಟರ್. ಮಗನೂ ಡಾಕ್ಟರ್ ಆಗಬೇಕು ಅಂತಲೇ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದ. ನಮ್ಮ ಮನೆಗಳ ಕಥೆಯೇ ಅಲ್ವಾ? ಆದರೆ ಅಲ್ಲಿ ಹುಡುಗನ ಮನಸ್ಸು ವಿಜ್ಞಾನದಿಂದ ಫಿಲಾಸಫಿಗೆ ಜಾರಿತು. ಅಲ್ಲಿಂದ ಇಂಗ್ಲಿಷ್ ಸಾಹಿತ್ಯಕ್ಕೆ. ಸಾಲದ್ದಕ್ಕೆ ಕಾಲೇಜು ಪತ್ರಿಕೆಯ ಸಂಪಾದಕನೂ ಆದ. ಇಂಗ್ಲಿಷ್‌ನಲ್ಲೇ ಡಿಗ್ರಿ ಮುಗಿಸಿ, ಹಾರ್ವರ್ಡ್‌ಗೆ ಹೋಗಿ ಅಲ್ಲೂ ಇಂಗ್ಲಿಷೇ ಓದಿದ. ನಮ್ಮ ಮನೆಯಾಗಿದ್ದರೆ ಅಷ್ಟು ಹೊತ್ತಿಗೆ ಊರಿನಿಂದ ಅಜ್ಜಿ ಫೋನ್ ಮಾಡಿ ಅಳುತ್ತಿದ್ದರು.

ಒಂದು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮೆಡಿಸಿನ್ ಕಡೆ ಮನಸ್ಸು ಬಂತು. ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಎರಡು ಸಲ ಬೇಡ ಅಂದಿತು. ಕೊಲಂಬಿಯಾ ಸೇರಿಸಿಕೊಂಡಿತು. ಡಾಕ್ಟರಿಕೆ ಕಲಿಯುವ ಹಾದಿಯಲ್ಲಿ ನಮ್ಮ ದೇಶಕ್ಕೂ ಬಂದು ಬರೇಲಿಯ ಮಿಷನ್ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕಲ್ ಬಿಷಪ್ ಜೊತೆ ಸೇರಿ ಕೋಳಿಗಳಿಗೆ ಗೆಡ್ಡೆ ತರಿಸುವ ಒಂದು ವೈರಸ್ಸಿನ ಬೆನ್ನು ಹತ್ತಿದರು. ಆ ವೈರಸ್ಸಿನಲ್ಲಿ ಕ್ಯಾನ್ಸರ್ ತರುವ ಜೀನ್ ಇತ್ತಲ್ಲ, ಅದರ ಮೂಲ ವೈರಸ್ಸೇ ಅಲ್ಲ, ಆರೋಗ್ಯವಾಗಿರುವ ಕೋಳಿಯ ಜೀವಕೋಶ ಅಂತ 1976ರಲ್ಲಿ ತೋರಿಸಿದರು. ಕ್ಯಾನ್ಸರ್ ಬಗ್ಗೆ ಯೋಚಿಸುವ ರೀತಿಯೇ ಬದಲಾಯಿತು. 1989ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮೇಲೆ 1993ರಿಂದ 1999ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ, ಅಂದರೆ ಎನ್‌ಐಎಚ್‌ಗೆ, ಅವರೇ ಮುಖ್ಯಸ್ಥರು. ಮೇಜರ್ ಏನು? ಇಂಗ್ಲಿಷ್ ಸಾಹಿತ್ಯ!

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, "ಮತ್ತೆ ನಮ್ಮ ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ, ಅಮೆರಿಕದ ಸರ್ಜನ್ ಜನರಲ್ ಆಗಿದ್ದವರು, ಬಯೋಕೆಮಿಸ್ಟ್ರಿ ತಾನೇ ಓದಿದ್ದು?" ಹೌದು, ಹಾರ್ವರ್ಡ್‌ನಲ್ಲಿ ಅದನ್ನೇ ಓದಿದರು. ನಿಮ್ಮ ಮಗಳಿಗೂ ಇಷ್ಟವಿದ್ದರೆ ಧಾರಾಳವಾಗಿ ಓದಲಿ. ಬಯಾಲಜಿ ಬೇಡ ಅಂತ ನಾನು ಹೇಳಿದ್ದು ಎಲ್ಲಿ? ಬಯಾಲಜಿಯೇ ಆಗಬೇಕು ಅನ್ನುವ ಹಟ ಬೇಡ ಅಂದೆ. ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಯಾಲಜಿ ಕಡೆಯವರೇ. ಆದರೆ ಸಾಹಿತ್ಯ, ಇತಿಹಾಸ ಓದಿದವರಿಗೆ ಸೀಟು ಸಿಗುವ ಪ್ರಮಾಣ ಅವರಿಗಿಂತ ಕಡಿಮೆ ಏನಿಲ್ಲ.

ಅರ್ಜಿಯಲ್ಲಿ ಏನಿರುತ್ತದೆ ನೋಡಿ. ಮೇಜರ್‌ಗೆ ಒಂದು ಸಾಲು ಸಾಕು. ಕೋರ್ಸುಗಳನ್ನು ಮಾತ್ರ ಒಂದೊಂದಾಗಿ, ಗ್ರೇಡ್ ಸಮೇತ ತುಂಬಬೇಕು. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇವುಗಳ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಆರ್ಗ್ಯಾನಿಕ್‌ನಲ್ಲಿ ಸಿ ಬಂದು, ಮತ್ತೆ ಓದಿ ಎ ತೆಗೆದರೆ ಹಳೆಯ ಸಿ ಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಸೇರುತ್ತವೆ. ಇಷ್ಟವಿಲ್ಲದ ಮೇಜರ್‌ನ ಭಾರವನ್ನೂ ಮಗುವಿನ ತಲೆಗೆ ಕಟ್ಟಿ, ಆರ್ಗ್ಯಾನಿಕ್‌ನಲ್ಲೂ ಎ ತಾ ಅಂದರೆ ಎಲ್ಲಿಂದ ತರಬೇಕು? ಸುಮ್ನೆ ಹಿಂಸೆ.

ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬಗ್ಗೆ ವಿವರವಾಗಿ ಹೇಳಬೇಕಿತ್ತು, ವಾರ್ಮಸ್ ಕಥೆಯಲ್ಲೇ ಸಮಯ ಹೋಯಿತು. ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕು ಭಾಗ, ಒಟ್ಟು ಅಂಕ 472ರಿಂದ 528ರವರೆಗೆ. ಒಂದು ಭಾಗದಲ್ಲಿ ವಿಜ್ಞಾನವೇ ಇಲ್ಲ. ಸಾಹಿತ್ಯ, ಕಲೆ, ಸಮಾಜ ಇಂಥ ವಿಷಯಗಳ ಬರಹ ಕೊಟ್ಟು, 90 ನಿಮಿಷದಲ್ಲಿ 53 ಪ್ರಶ್ನೆ. ಬಯಾಲಜಿ ಅರೆದು ಕುಡಿದ ಎಷ್ಟೋ ಮಕ್ಕಳು ಮುಗ್ಗರಿಸುವುದು ಇಲ್ಲೇ. ಇನ್ನೊಂದು ಭಾಗ ಸೈಕಾಲಜಿ, ಸೋಶಿಯಾಲಜಿ. 2015ರಲ್ಲಿ ಸೇರಿಸಿದ್ದು.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಕೋರ್ಸು ಓದಿ ಪಡೆದ ಕ್ರೆಡಿಟ್ ನಂಬಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಬಿಡಬೇಡಿ, ಕೆಲವು ಮೆಡಿಕಲ್ ಸ್ಕೂಲುಗಳು ಅದನ್ನು ಒಪ್ಪುವುದಿಲ್ಲ. ಎಚ್-4 ವೀಸಾದಲ್ಲಿ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಇಲ್ಲಿರುವ ಮಕ್ಕಳಿದ್ದರೆ ಮೇಜರ್ ಚಿಂತೆಗಿಂತ ಮೊದಲು, ಗ್ರೀನ್ ಕಾರ್ಡ್ ಇಲ್ಲದವರನ್ನು ಸೇರಿಸಿಕೊಳ್ಳುವ ಸ್ಕೂಲುಗಳು ಯಾವುವು ಅಂತ ಪಟ್ಟಿ ಮಾಡಿಕೊಳ್ಳಿ. ಅಂಥವು ಕಡಿಮೆ.

ಮೇಜರ್ ಯಾವುದು ಅಂತ ಬಹಳಷ್ಟು ಕಾಲೇಜುಗಳಲ್ಲಿ ಎರಡನೇ ವರ್ಷದ ಕೊನೆಗೆ ಹೇಳಿದರೂ ನಡೆಯುತ್ತದೆ. ಅಲ್ಲಿಯವರೆಗೆ ಕೆಮಿಸ್ಟ್ರಿ, ಬಯಾಲಜಿ ಶುರು ಮಾಡಿ, ಪಕ್ಕದಲ್ಲಿ ಮನಸ್ಸಿಗೆ ಬಂದ ಎರಡು ವಿಷಯ ಓದಿ ನೋಡಲಿ. ಆಮೇಲೆ ಅಡ್ವೈಸರ್ ಹತ್ತಿರ ಮಾತಾಡಲಿ. ಮಗು ಮಾತಾಡಲಿ ಅಂದೆ, ನೀವಲ್ಲ. ನೀವು ಹೊರಗೆ ಕಾರಿನಲ್ಲಿ ಕೂತಿರಿ. ನಮಸ್ಕಾರ.